ಏಳನೇ ದಿನದ ರಕ್ತ: ಮೆಲ್ಬರ್ನ್‌ನ ಒಬ್ಬ ಕೋವಿಡ್ ರೋಗಿಯ ಪ್ರಕರಣ ಅಧ್ಯಯನ

2020ರ ಆರಂಭದ ದಿನಗಳು. ಮೆಲ್ಬರ್ನ್ ನಗರದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗಕ್ಕೆ 47 ವರ್ಷದ ಮಹಿಳೆಯೊಬ್ಬರು ಬಂದರು. ಚೀನಾದ ವೂಹಾನ್‌ನಿಂದ ಆಸ್ಟ್ರೇಲಿಯಾಕ್ಕೆ ಬಂದು 11 ದಿನವಾಗಿತ್ತು. ನಾಲ್ಕು ದಿನದಿಂದ ಸುಸ್ತು, ಗಂಟಲು ನೋವು, ಒಣ ಕೆಮ್ಮು, ಉಸಿರೆಳೆದುಕೊಂಡರೆ ಎದೆಯಲ್ಲಿ ಚುಚ್ಚಿದಂಥ ನೋವು, ಸ್ವಲ್ಪ ಏದುಸಿರು, ಮೈ ಬಿಸಿ. ವೂಹಾನ್‌ನ ಹುವಾನಾನ್ ಮಾರುಕಟ್ಟೆಗೆ ಅವರು ಹೋಗಿರಲಿಲ್ಲ, ಸೋಂಕಿತರೆಂದು ಗೊತ್ತಿದ್ದ ಯಾರ ಒಡನಾಟವೂ ಇರಲಿಲ್ಲ. ಸಿಗರೇಟು ಸೇದುವವರಲ್ಲ, ದಿನವೂ ನುಂಗುವ ಮಾತ್ರೆಗಳಿಲ್ಲ, ಹಳೆಯ ಕಾಯಿಲೆಯೂ ಇಲ್ಲ.

ಪರೀಕ್ಷಿಸಿದಾಗ ಜ್ವರ 38.5 ಡಿಗ್ರಿ ಸೆಲ್ಸಿಯಸ್, ಅಂದರೆ 101.3 ಫ್ಯಾರನ್‌ಹೀಟ್. ನಾಡಿ ನಿಮಿಷಕ್ಕೆ 120, ಉಸಿರಾಟ ನಿಮಿಷಕ್ಕೆ 22. ಹೊರಗಿನ ಆಮ್ಲಜನಕವಿಲ್ಲದೆ ಸ್ಯಾಚುರೇಶನ್ ಶೇ. 98. ಸ್ಟೆತಾಸ್ಕೋಪ್ ಇಟ್ಟರೆ ಎರಡೂ ಶ್ವಾಸಕೋಶಗಳ ಬುಡದಲ್ಲಿ ಗೊರಗೊರ ಸದ್ದು. ರಕ್ತದಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಲೀಟರಿಗೆ 83.2 ಮಿಲಿಗ್ರಾಂ ಇತ್ತು; ಅದು 5ರ ಒಳಗಿರಬೇಕಾದದ್ದು. ಲಿಂಫೊಸೈಟ್ (ಟಿ ಕೋಶ, ಬಿ ಕೋಶಗಳು ಸೇರಿದ ಬಿಳಿ ರಕ್ತಕಣಗಳ ಗುಂಪು) ಮತ್ತು ನ್ಯೂಟ್ರೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳ ಎಣಿಕೆ ಮಾತ್ರ ಸಹಜ ಮಿತಿಯಲ್ಲೇ ಇತ್ತು. ಈ ಎಣಿಕೆಯನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ರೋಗಲಕ್ಷಣ ಕಾಣಿಸಿದ ನಾಲ್ಕನೇ ದಿನ ಮೂಗಿನಾಳದ ಸ್ವ್ಯಾಬ್‌ನಲ್ಲಿ ವೈರಸ್ ಪತ್ತೆಯಾಯಿತು. ಐದು ಮತ್ತು ಆರನೇ ದಿನ ಸ್ವ್ಯಾಬ್, ಕಫ, ಮಲದ ಮಾದರಿಗಳಲ್ಲೂ ಸಿಕ್ಕಿತು. ಏಳನೇ ದಿನದಿಂದ ಎಲ್ಲೂ ಸಿಗಲಿಲ್ಲ. ಐದನೇ ದಿನದ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ತಳಭಾಗ ಮಬ್ಬಾಗಿತ್ತು, ಹತ್ತನೇ ದಿನಕ್ಕೆ ಆ ಮಬ್ಬು ಹೋಗಿತ್ತು. ಹನ್ನೊಂದನೇ ದಿನ ಮನೆಯಲ್ಲೇ ಪ್ರತ್ಯೇಕವಾಗಿರಲು ಹೇಳಿ ಡಿಸ್ಚಾರ್ಜ್ ಮಾಡಿದರು. ಹದಿಮೂರನೇ ದಿನಕ್ಕೆ ಲಕ್ಷಣಗಳೆಲ್ಲ ಹೋದವು. ಇಪ್ಪತ್ತನೇ ದಿನವೂ ಅವರು ಚೆನ್ನಾಗಿಯೇ ಇದ್ದರು.

ಚಿಕಿತ್ಸೆ ಅಂತ ಕೊಟ್ಟದ್ದು ಡ್ರಿಪ್ ಮಾತ್ರ. ಆಮ್ಲಜನಕ ಕೊಡಲಿಲ್ಲ, ಆಂಟಿಬಯಾಟಿಕ್, ಸ್ಟೆರಾಯ್ಡ್, ವೈರಸ್ ವಿರುದ್ಧದ ಔಷಧ ಯಾವುದೂ ಕೊಡಲಿಲ್ಲ. ಈ ಪ್ರಕರಣಕ್ಕೆ ಬೆಲೆ ಬಂದದ್ದೇ ಇದರಿಂದ. ಮುಂದಿನ ತಿಂಗಳುಗಳಲ್ಲಿ ವರದಿಯಾದ ರೋಗಿಗಳಲ್ಲಿ ಬಹುತೇಕರ ಮೈಯಲ್ಲಿ ನಾಲ್ಕಾರು ಔಷಧಗಳಿದ್ದವು. ಯಾವುದು ದೇಹದ ಕೆಲಸ, ಯಾವುದು ಔಷಧದ್ದು ಎಂದು ಬಿಡಿಸಿ ಹೇಳುವುದು ಕಷ್ಟವಾಗಿತ್ತು. ಇಲ್ಲಿ ಆ ಗೋಜಲಿಲ್ಲ. ಹಿಂದೆಂದೂ ಕಾಣದ ವೈರಸ್ಸೊಂದನ್ನು ಆರೋಗ್ಯವಂತ ದೇಹವೊಂದು ತಾನಾಗಿ ಹೇಗೆ ಹೊರಹಾಕಿತು ಎಂಬುದು ದಿನದ ಲೆಕ್ಕದಲ್ಲಿ ಸಿಕ್ಕಿದೆ. ವರದಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ 2020ರ ಮಾರ್ಚ್ 16ರಂದು ಬಂತು.

ರಕ್ತ ಸಿಕ್ಕಿದ್ದು ಹೇಗೆ

ಇದು ಅಡಿಟಿಪ್ಪಣಿಯಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಹೊಸ ಸಾಂಕ್ರಾಮಿಕ ಬಂದಾಗ ರೋಗಿಯ ರಕ್ತವನ್ನು ಸಂಶೋಧನೆಗೆ ಬಳಸಬೇಕೆಂದರೆ ನೈತಿಕ ಸಮಿತಿಯ ಅನುಮತಿ ಬೇಕು, ಒಪ್ಪಿಗೆ ಪತ್ರ ಬೇಕು, ಯಾವ ದಿನ ಎಷ್ಟು ರಕ್ತ, ಯಾವ ಟ್ಯೂಬಿನಲ್ಲಿ ಎಂಬ ಕ್ರಮ ಬೇಕು. ಇದನ್ನೆಲ್ಲ ರೋಗಿ ಬಂದ ಮೇಲೆ ಬರೆಯಲು ಕೂತರೆ ವಾರಗಳೇ ಹೋಗುತ್ತವೆ, ಅಷ್ಟರಲ್ಲಿ ರೋಗಿ ಗುಣವಾಗಿರುತ್ತಾರೆ ಇಲ್ಲವೇ ತೀರಿಕೊಂಡಿರುತ್ತಾರೆ. ಮೆಲ್ಬರ್ನ್‌ನಲ್ಲಿ ಹೊರದೇಶದಿಂದ ಬಂದವರಲ್ಲಿ ಹೊಸ ಸೋಂಕು ಕಂಡರೆ ಬಳಸಲೆಂದು ಸೆಟ್ರೆಪ್-ಐಡಿ ಎಂಬ ಸಿದ್ಧ ವ್ಯವಸ್ಥೆ ಇತ್ತು. ಈ ಮಹಿಳೆ ಅದರಡಿ ಸೇರಿದರು. ಏಳು, ಎಂಟು, ಒಂಬತ್ತು ಮತ್ತು ಇಪ್ಪತ್ತನೇ ದಿನ ರಕ್ತ ಕೊಟ್ಟರು.

ರಕ್ತ ಹೋದದ್ದು ಡೊಹರ್ಟಿ ಸಂಸ್ಥೆಗೆ. ಮೆಲ್ಬರ್ನ್ ವಿಶ್ವವಿದ್ಯಾಲಯ ಮತ್ತು ರಾಯಲ್ ಮೆಲ್ಬರ್ನ್ ಆಸ್ಪತ್ರೆ ಸೇರಿ ನಡೆಸುವ ಸಂಸ್ಥೆ ಅದು. ಚೀನಾದ ಹೊರಗೆ ಈ ವೈರಸ್ಸನ್ನು ಮೊದಲು ಬೆಳೆಸಿ ಬೇರೆ ಪ್ರಯೋಗಾಲಯಗಳಿಗೂ ಹಂಚುವುದಾಗಿ 2020ರ ಜನವರಿ 29ರಂದು ತಿಳಿಸಿದ್ದು ಇವರೇ. ಸಂಸ್ಥೆಗೆ ಹೆಸರು ಕೊಟ್ಟ ಪೀಟರ್ ಡೊಹರ್ಟಿ ಅವರು ರೋಲ್ಫ್ ಜಿಂಕರ್‌ನಾಗೆಲ್ ಜೊತೆ 1996ರ ನೊಬೆಲ್ ಪಡೆದವರು. ವೈರಸ್ ಹೊಕ್ಕ ಜೀವಕೋಶವನ್ನು ಟಿ ಕೋಶ ಹೇಗೆ ಗುರುತಿಸುತ್ತದೆ ಎಂಬುದನ್ನು ಕಂಡುಕೊಂಡದ್ದಕ್ಕೆ. ಈ ಪ್ರಕರಣದ ತಿರುಳೂ ಆ ಟಿ ಕೋಶಗಳಲ್ಲೇ ಇದೆ.

ಟ್ಯೂಬಿನಿಂದ ಚುಕ್ಕೆಗಳವರೆಗೆ

ಬೇಕಾದದ್ದು ತಾಜಾ ರಕ್ತ. ಪ್ರತಿ ಪರೀಕ್ಷೆಗೆ 200 ಮೈಕ್ರೊಲೀಟರ್, ಅಂದರೆ ನಾಲ್ಕೈದು ಹನಿ. ಅದಕ್ಕೆ ಬಣ್ಣ ಹಚ್ಚಿದ ಪ್ರತಿಕಾಯಗಳ ಮಿಶ್ರಣ ಹಾಕುತ್ತಾರೆ. ಇವು ರೋಗಿಯ ಪ್ರತಿಕಾಯಗಳಲ್ಲ, ಪ್ರಯೋಗಾಲಯದಲ್ಲಿ ತಯಾರಾದವು. ಒಂದೊಂದೂ ಜೀವಕೋಶದ ಮೇಲ್ಮೈಯ ಒಂದೊಂದು ಗುರುತಿಗೆ ಅಂಟಿಕೊಳ್ಳುತ್ತದೆ. ಕೋಣೆಯ ಉಷ್ಣತೆಯಲ್ಲಿ, ಕತ್ತಲಲ್ಲಿ 20 ನಿಮಿಷ ಇಡಬೇಕು. ಆಮೇಲೆ ಕೆಂಪು ರಕ್ತಕಣಗಳನ್ನು ಒಡೆಯುವ ದ್ರಾವಣ ಹಾಕಿ, ತೊಳೆದು, ಉಳಿದ ಬಿಳಿ ಕಣಗಳನ್ನು ಶೇ. 1ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸುತ್ತಾರೆ. ಕೋಶದ ಒಳಗಿನ ಗ್ರಾನ್‌ಜೈಮ್, ಪರ್ಫೊರಿನ್ ಎಂಬ ಕೊಲ್ಲುವ ಪ್ರೋಟೀನುಗಳನ್ನು ನೋಡಬೇಕಾದರೆ ಕೋಶದ ಪೊರೆಯಲ್ಲಿ ತೂತು ಮಾಡುವ ಇನ್ನೊಂದು ಹಂತ ಸೇರುತ್ತದೆ.

ಈಗ ಫ್ಲೋ ಸೈಟೊಮೀಟರ್. ಒಂದರ ಹಿಂದೆ ಒಂದರಂತೆ ಜೀವಕೋಶಗಳು ಕೂದಲೆಳೆಯಷ್ಟು ತೆಳುವಾದ ದ್ರವದ ಧಾರೆಯಲ್ಲಿ ಲೇಸರ್ ಮುಂದೆ ಹಾಯುತ್ತವೆ. ಹಾಯುವಾಗ ಅಂಟಿದ ಬಣ್ಣ ಮಿನುಗುತ್ತದೆ, ಯಂತ್ರ ಅದನ್ನು ಅಳೆದು ಪರದೆಯ ಮೇಲೆ ಒಂದು ಚುಕ್ಕೆ ಇಡುತ್ತದೆ. ಒಂದು ಅಕ್ಷದಲ್ಲಿ ಸಿಡಿ38 ಎಂಬ ಗುರುತು, ಇನ್ನೊಂದರಲ್ಲಿ ಎಚ್‌ಎಲ್‌ಎ-ಡಿಆರ್. ಎರಡೂ ಇರುವ ಕೋಶ ಬಲಗಡೆ ಮೇಲಿನ ಮೂಲೆಗೆ ಹೋಗುತ್ತದೆ. ವಿಶ್ರಾಂತಿಯಲ್ಲಿರುವ ಟಿ ಕೋಶಕ್ಕೆ ಇವೆರಡೂ ಒಟ್ಟಿಗೆ ಇರುವುದಿಲ್ಲ. ವೈರಸ್ ವಿರುದ್ಧ ಎದ್ದು ನಿಂತದ್ದಕ್ಕೆ ಇರುತ್ತವೆ. ಆರೋಗ್ಯವಂತರ ರಕ್ತ ಹಾಯಿಸಿದರೆ ಆ ಮೂಲೆಯಲ್ಲಿ ಸಾಸಿವೆ ಚೆಲ್ಲಿದಂತೆ ಬೆರಳೆಣಿಕೆಯ ಚುಕ್ಕೆ. ಈ ಮಹಿಳೆಯ ಒಂಬತ್ತನೇ ದಿನದ ರಕ್ತದಲ್ಲಿ ಅಲ್ಲೊಂದು ಮೋಡವೇ ಕಟ್ಟಿತ್ತು.

ಇಲ್ಲಿ ಕೆಡುವ ಜಾಗಗಳು ಹಲವು. ರಕ್ತ ತೆಗೆದ ಕೂಡಲೇ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡದಿದ್ದರೆ ಸಣ್ಣ ಹೆಪ್ಪು ಕಟ್ಟುತ್ತದೆ, ಅದರಲ್ಲಿ ಕೋಶಗಳು ಸಿಕ್ಕಿಕೊಂಡು ಎಣಿಕೆ ತಪ್ಪುತ್ತದೆ. ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಬಣ್ಣ ಹಚ್ಚಿದರೆ ಎದ್ದುನಿಂತ ಕೋಶಗಳೇ ಮೊದಲು ಸಾಯುತ್ತವೆ, ಸತ್ತವು ಎಲ್ಲ ಬಣ್ಣವನ್ನೂ ಹೀರಿಕೊಂಡು ಸುಳ್ಳು ಹೊಳಪು ಕೊಡುತ್ತವೆ. ಬೆಳಕು ತಾಗಿದರೆ ಜೋಡಿ ಬಣ್ಣಗಳು ಒಡೆದು ಒಂದರ ಹೊಳಪು ಇನ್ನೊಂದರ ಲೆಕ್ಕಕ್ಕೆ ಹೋಗುತ್ತದೆ. ಎಲ್ಲಕ್ಕಿಂತ ಮೋಸ ಮಾಡುವುದು ಜೋಡಿ ಕೋಶಗಳು. ಮಾನೊಸೈಟ್ ಎಂಬ ದೊಡ್ಡ ಬಿಳಿ ಕಣಕ್ಕೆ ಎಚ್‌ಎಲ್‌ಎ-ಡಿಆರ್ ಯಾವಾಗಲೂ ಇರುತ್ತದೆ. ಅದು ಒಂದು ಟಿ ಕೋಶಕ್ಕೆ ಅಂಟಿಕೊಂಡು ಎರಡೂ ಒಟ್ಟಿಗೆ ಹಾಯ್ದರೆ ಯಂತ್ರಕ್ಕೆ ಅದು ಎಚ್‌ಎಲ್‌ಎ-ಡಿಆರ್ ಇರುವ ಒಂದೇ ಟಿ ಕೋಶ. ಆಕಾರದ ಅಳತೆ ನೋಡಿ ಇಂಥ ಜೋಡಿಗಳನ್ನು ಮೊದಲೇ ಹೊರಗಿಡದಿದ್ದರೆ ಇಲ್ಲದ ಸೈನ್ಯ ಪರದೆಯ ಮೇಲೆ ಕಾಣಿಸುತ್ತದೆ.

ನಾಲ್ಕು ಗುಂಪು, ಮೂರು ದಿನ

ಮೊದಲನೆಯದು ಪ್ರತಿಕಾಯ ಸ್ರವಿಸುವ ಕೋಶಗಳು. ಬಿ ಕೋಶಗಳಿಂದ ಹುಟ್ಟಿ ಪ್ರತಿಕಾಯ ತಯಾರಿಯನ್ನೇ ಕಸುಬು ಮಾಡಿಕೊಂಡವು ಇವು. ಆರೋಗ್ಯವಂತ ಐವರಲ್ಲಿ ಇವುಗಳ ಸರಾಸರಿ ಪಾಲು ಶೇ. 0.61. ಈ ರೋಗಿಯಲ್ಲಿ ಏಳನೇ ದಿನ ಶೇ. 1.48, ಮರುದಿನ ಶೇ. 6.91. ಒಂದೇ ದಿನದಲ್ಲಿ ನಾಲ್ಕೂವರೆ ಪಟ್ಟಿಗೂ ಹೆಚ್ಚು.

ಎರಡನೆಯದು ಆ ಬಿ ಕೋಶಗಳಿಗೆ ಹುರುಪು ಕೊಡುವ ಫಾಲಿಕ್ಯುಲರ್ ಸಹಾಯಕ ಟಿ ಕೋಶಗಳು. ದುಗ್ಧಗ್ರಂಥಿಯೊಳಗೆ ಕೂತು, ಯಾವ ಬಿ ಕೋಶ ಒಳ್ಳೆಯ ಪ್ರತಿಕಾಯ ಮಾಡುತ್ತದೋ ಅದಕ್ಕೆ ಮುಂದುವರಿಯಲು ಸನ್ನೆ ಮಾಡುವುದು ಇವುಗಳ ಕೆಲಸ. ಇವುಗಳ ಬಂಧುಗಳು ರಕ್ತದಲ್ಲೂ ಸಿಗುತ್ತವೆ. ಏಳನೇ ದಿನ ಶೇ. 1.98, ಎಂಟನೇ ದಿನ ಶೇ. 3.25, ಒಂಬತ್ತನೇ ದಿನ ಶೇ. 4.46. ಆರೋಗ್ಯವಂತರ ಸರಾಸರಿ ಶೇ. 1.83. ಏಳನೇ ದಿನದ ಅಂಕಿ ಒಂದನ್ನೇ ನೋಡಿದ್ದರೆ "ಏನೂ ವಿಶೇಷವಿಲ್ಲ" ಎಂದು ಬರೆದು ಕಡತ ಮುಚ್ಚಬೇಕಿತ್ತು. ಏರಿಕೆ ಗೊತ್ತಾದದ್ದು ಎರಡನೇ, ಮೂರನೇ ಟ್ಯೂಬಿನಿಂದ. ಸಾಲು ಸಾಲು ದಿನ ರಕ್ತ ತೆಗೆಯುವುದು ರೋಗಿಗೆ ತೊಂದರೆ ಕೊಟ್ಟಂತೆ ಅನ್ನಿಸಬಹುದು. ಒಂದು ದಿನದ ಅಂಕಿಯನ್ನು ನಂಬಿ ತಪ್ಪು ತೀರ್ಮಾನಕ್ಕೆ ಬರುವುದು ಅದಕ್ಕಿಂತ ದೊಡ್ಡ ನಷ್ಟ.

ಮೂರನೆಯದು ಮಾರಕ ಟಿ ಕೋಶಗಳು, ಸಿಡಿ8 ಗುರುತಿನವು. ವೈರಸ್ ಒಳಹೊಕ್ಕ ಜೀವಕೋಶವನ್ನು ಮುಟ್ಟಿ ನೋಡಿ ಕೊಲ್ಲುವುದು ಇವೇ. ಪರ್ಫೊರಿನ್ ತೂತು ಕೊರೆಯುತ್ತದೆ, ಗ್ರಾನ್‌ಜೈಮ್ ಆ ತೂತಿನಿಂದ ಒಳಗೆ ಹೋಗಿ ಕೋಶವನ್ನು ತನ್ನನ್ನು ತಾನೇ ಮುಗಿಸಿಕೊಳ್ಳುವಂತೆ ಮಾಡುತ್ತದೆ. ಎದ್ದುನಿಂತ ಸಿಡಿ8 ಕೋಶಗಳು ಏಳನೇ ದಿನ ಶೇ. 3.57, ಎಂಟನೇ ದಿನ ಶೇ. 5.32, ಒಂಬತ್ತನೇ ದಿನ ಶೇ. 11.8. ಆರೋಗ್ಯವಂತರಲ್ಲಿ ಶೇ. 1.47. ಗುರುತು ಹೊತ್ತು ಸುಮ್ಮನೆ ನಿಂತವೂ ಅಲ್ಲ ಅವು. ಒಳಗೆ ಗ್ರಾನ್‌ಜೈಮ್ ಮತ್ತು ಪರ್ಫೊರಿನ್ ತಮ್ಮ ಗುಂಪಿನ ಇತರ ಕೋಶಗಳಿಗಿಂತ ಹೆಚ್ಚು ತುಂಬಿಕೊಂಡಿದ್ದವು. ನಾಲ್ಕನೆಯ ಗುಂಪಾದ ಸಿಡಿ4 ಸಹಾಯಕ ಕೋಶಗಳಲ್ಲಿ ಏರಿಕೆ ಇಷ್ಟಿಲ್ಲ: ಶೇ. 0.55ರಿಂದ ಒಂಬತ್ತನೇ ದಿನ ಶೇ. 3.33.

ಪ್ರತಿಕಾಯಗಳನ್ನು ಬೇರೆಯಾಗಿ ನೋಡಿದರು. ವೈರಸ್ ಹೊಕ್ಕಿದ ವೀರೊ ಕೋಶಗಳನ್ನು (ಆಫ್ರಿಕಾದ ಹಸಿರು ಮಂಗನ ಮೂತ್ರಪಿಂಡದಿಂದ ಬಂದ ತಳಿ) ಗಾಜಿನ ಮೇಲೆ ಸ್ಥಿರಗೊಳಿಸಿ, ಮೇಲೆ ರೋಗಿಯ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ ಹಾಕಿ, ಅಂಟಿದ ಪ್ರತಿಕಾಯವನ್ನು ಹೊಳೆಯುವ ಬಣ್ಣದಿಂದ ಹುಡುಕುವುದು ಕ್ರಮ. ಏಳನೇ ದಿನದಿಂದ ಇಪ್ಪತ್ತನೇ ದಿನದವರೆಗೆ ಐಜಿಎಂ, ಐಜಿಜಿ ಎಂಬ ಎರಡೂ ಬಗೆಯ ಪ್ರತಿಕಾಯಗಳು ಏರುತ್ತಲೇ ಹೋದವು.

ಏಳನೇ ದಿನವೇ ಏಕೆ? ಹಿಂದೆ ಕಂಡಿರದ ವೈರಸ್ಸಿನ ಒಂದು ತುಣುಕನ್ನು ಗುರುತಿಸಬಲ್ಲ ಟಿ ಕೋಶ ದೇಹದಲ್ಲಿ ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ ಇರುತ್ತದೆ. ಶ್ವಾಸಕೋಶದಿಂದ ಡೆಂಡ್ರಿಟಿಕ್ ಕೋಶ ಆ ತುಣುಕನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಬರಬೇಕು, ಅಲ್ಲಿ ಸರಿಯಾದ ಟಿ ಕೋಶ ಅದನ್ನು ಎದುರುಗೊಳ್ಳಬೇಕು, ಆಮೇಲೆ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಹೋಗಬೇಕು. ಎಷ್ಟು ಅವಸರ ಮಾಡಿದರೂ ಒಂದು ವಾರದ ಕೆಲಸ ಇದು. ಫ್ಲೂ ಲಸಿಕೆ ಹಾಕಿದ ಮೇಲೂ ಪ್ರತಿಕಾಯ ಸ್ರವಿಸುವ ಕೋಶಗಳು ರಕ್ತದಲ್ಲಿ ಹೆಚ್ಚು ಕಾಣುವುದು ಏಳನೇ ದಿನದ ಸುಮಾರಿಗೇ. ಯಾವ ಕಷಾಯ, ಯಾವ ಜಿಂಕ್ ಮಾತ್ರೆಯೂ ಈ ವಾರವನ್ನು ಮೂರು ದಿನಕ್ಕೆ ಇಳಿಸಲಾರದು. ಇಳಿಸುವುದು ಹಿಂದಿನ ಪರಿಚಯ ಮಾತ್ರ. ಲಸಿಕೆ ಕೊಡುವುದು ಆ ಪರಿಚಯವನ್ನೇ.

ಏರದೆ ಉಳಿದವು

ಈ ಪ್ರಕರಣದಲ್ಲಿ ಏನು ಏರಿತು ಎಂಬಷ್ಟೇ ಏನು ಏರಲಿಲ್ಲ ಎಂಬುದೂ ಮುಖ್ಯ. ಉರಿಯೂತ ಹಬ್ಬಿಸುವ 17 ಸೈಟೊಕೈನ್ ಮತ್ತು ಕೀಮೊಕೈನ್‌ಗಳನ್ನು, ಅಂದರೆ ಕೋಶಗಳು ಪರಸ್ಪರ ಕಳಿಸುವ ಸನ್ನೆ ಪ್ರೋಟೀನುಗಳನ್ನು, ಪ್ಲಾಸ್ಮಾದಲ್ಲಿ ಅಳೆದರು. ತೀವ್ರ ಕಾಯಿಲೆಯಲ್ಲಿ ಕಾಣುವ ಭರಾಟೆ ಇಲ್ಲಿರಲಿಲ್ಲ. ಮಾನೊಸೈಟ್‌ಗಳನ್ನು ಕರೆಯುವ ಎಂಸಿಪಿ-1 ಆರೋಗ್ಯವಂತರ ಮಟ್ಟದಲ್ಲೇ ಇತ್ತು, ಹೋಲಿಕೆಗೆ ತೆಗೆದುಕೊಂಡ ಇನ್‌ಫ್ಲುಯೆಂಜಾ ರೋಗಿಗಳಿಗಿಂತ ಕಡಿಮೆ. ಒಂಬತ್ತನೇ ದಿನ ಮಾರಕ ಕೋಶಗಳು ಎಂಟು ಪಟ್ಟು ಏರಿರುವ ದೇಹದಲ್ಲೇ ಉರಿಯೂತದ ಸನ್ನೆಗಳು ತಣ್ಣಗಿವೆ. "ಸೈಟೊಕೈನ್ ಬಿರುಗಾಳಿ ಅಂದರೆ ರೋಗನಿರೋಧಕ ಶಕ್ತಿ ಅತಿಯಾದದ್ದು" ಎಂದು ಎಷ್ಟೋ ಕಡೆ ಓದಿದ್ದೇವೆ. ಆ ಮಾತು ಅರ್ಧ ಸತ್ಯ. ಗುರಿ ಗೊತ್ತಿರುವ ಪ್ರತಿಕ್ರಿಯೆ ಜೋರಾಗಿದ್ದೂ ಉರಿಯೂತ ಮಿತಿಯಲ್ಲಿರಬಹುದು ಎಂಬುದಕ್ಕೆ ಈ ರಕ್ತವೇ ಸಾಕ್ಷಿ.

ಸಿಡಿ14, ಸಿಡಿ16 ಎರಡೂ ಗುರುತಿರುವ ಮಾನೊಸೈಟ್‌ಗಳು ಮಾತ್ರ ಎದ್ದು ಕಾಣುವಷ್ಟು ಕಡಿಮೆ ಇದ್ದವು. ಆರೋಗ್ಯವಂತರಲ್ಲಿ ಶೇ. 9ರ ಆಸುಪಾಸು ಇರುವವು ಇಲ್ಲಿ ಮೂರೂ ದಿನ ಶೇ. 1.5ಕ್ಕಿಂತ ಕೆಳಗೆ. ಸತ್ತವೇ? ಇರಲಾರದು. ರಕ್ತ ಬಿಟ್ಟು ಶ್ವಾಸಕೋಶಕ್ಕೆ ಹೋಗಿರಬಹುದು ಎಂಬುದು ವರದಿ ಬರೆದ ಸಂಶೋಧಕರ ಊಹೆ, ಒಪ್ಪಬಹುದಾದ ಊಹೆ. ರಕ್ತ ಒಂದು ರಸ್ತೆ ಅಷ್ಟೇ. ರಸ್ತೆಯಲ್ಲಿ ಜನ ಕಡಿಮೆಯಾದರೆ ಊರಲ್ಲಿ ಜನ ಇಲ್ಲ ಅಂತಲ್ಲ. ಶ್ವಾಸಕೋಶ ತೊಳೆದ ದ್ರವ ತೆಗೆದು ನೋಡಿದ್ದರೆ ಖಚಿತವಾಗುತ್ತಿತ್ತು, ಆದರೆ ಸ್ಯಾಚುರೇಶನ್ 98 ಇರುವ ರೋಗಿಯ ಶ್ವಾಸನಾಳಕ್ಕೆ ಕೊಳವೆ ಇಳಿಸುವುದು ಸರಿಯಲ್ಲ.

ಇನ್ನೊಂದು ಸಂಗತಿ ಜೀನಿನದ್ದು. ಐಎಫ್‌ಐಟಿಎಂ3 ಎಂಬ ಜೀನು ವೈರಸ್ ಕೋಶದೊಳಗೆ ಇಳಿಯುವುದನ್ನು ತಡೆಯುವ ಪ್ರೋಟೀನಿಗೆ ಸಂಬಂಧಿಸಿದ್ದು. ಅದರ ಒಂದು ರೂಪಾಂತರದ ಎರಡೂ ಪ್ರತಿ ಇರುವವರಿಗೆ ಇನ್‌ಫ್ಲುಯೆಂಜಾ ತೀವ್ರವಾಗುವ ಸಂಭವ ಹೆಚ್ಚು ಎಂದು ಹಿಂದಿನ ಅಧ್ಯಯನಗಳು ಹೇಳಿದ್ದವು. ಈ ಮಹಿಳೆಗೆ ಆ ರೂಪಾಂತರದ ಎರಡೂ ಪ್ರತಿಗಳಿದ್ದವು, ಆದರೂ ಹನ್ನೊಂದನೇ ದಿನ ಮನೆಗೆ ಹೋದರು. ಚೀನೀ ಜನರಲ್ಲಿ ಸುಮಾರು ಕಾಲುಭಾಗ ಮಂದಿಗೆ ಇದು ಇರುವುದರಿಂದ ಒಬ್ಬ ರೋಗಿಯ ಮೇಲೆ ಯಾವ ತೀರ್ಪೂ ಕೊಡಲಾಗದು. ಜೀನ್ ವರದಿ ನೋಡಿ ಭಯಪಡುವವರಿಗೆ ಇದನ್ನು ಹೇಳುವುದು ಒಳ್ಳೆಯದು.

ಅಂಕಿ ಓದುವಾಗ ಎಡವುವ ಜಾಗ

ಮೇಲಿನ ಅಂಕಿಗಳೆಲ್ಲ ಶೇಕಡಾವಾರು. ಶೇಕಡಾ ಎರಡು ಕಾರಣಕ್ಕೆ ಏರಬಹುದು: ಮೇಲಿನ ಅಂಕಿ ಹೆಚ್ಚಿ, ಇಲ್ಲವೇ ಕೆಳಗಿನ ಅಂಕಿ ತಗ್ಗಿ. ತೀವ್ರ ಕೋವಿಡ್‌ನಲ್ಲಿ ಲಿಂಫೊಸೈಟ್ ಸಂಖ್ಯೆಯೇ ಕುಸಿಯುತ್ತದೆ. ಉದಾಹರಣೆಗೆ ಒಂದು ಮೈಕ್ರೊಲೀಟರಿನಲ್ಲಿ 500 ಸಿಡಿ8 ಕೋಶಗಳಿದ್ದು ಅದರಲ್ಲಿ 10 ಎದ್ದುನಿಂತವಾದರೆ ಶೇ. 2. ಒಟ್ಟು ಸಂಖ್ಯೆ 100ಕ್ಕೆ ಬಿದ್ದು ಅದೇ 10 ಉಳಿದರೆ ಶೇ. 10. ಸೈನ್ಯ ಬೆಳೆಯಲಿಲ್ಲ, ಊರು ಖಾಲಿಯಾಯಿತು. ಈ ರೋಗಿಯ ಲಿಂಫೊಸೈಟ್ ಎಣಿಕೆ ಸಹಜವಾಗಿತ್ತೆಂದು ಮೊದಲೇ ಹೇಳಿದ್ದು ಇದಕ್ಕೇ. ಹಾಗಾಗಿ ಇಲ್ಲಿನ ಶೇ. 11.8ನ್ನು ನಿಜವಾದ ಏರಿಕೆ ಎಂದು ಓದಬಹುದು. ರಕ್ತದ ಸಾಮಾನ್ಯ ಎಣಿಕೆ ಜೊತೆಗಿಲ್ಲದ ಫ್ಲೋ ವರದಿಯನ್ನು ನಂಬಬಾರದು.

ದಿನದ ಎಣಿಕೆ ಇನ್ನೊಂದು ತೊಡಕು. ಇಲ್ಲಿ ದಿನ ಎಣಿಸಿದ್ದು ಲಕ್ಷಣ ಶುರುವಾದಲ್ಲಿಂದ. ಕೆಲವರು ಆಸ್ಪತ್ರೆಗೆ ಸೇರಿದ ದಿನದಿಂದ, ಕೆಲವರು ಸ್ವ್ಯಾಬ್ ಪಾಸಿಟಿವ್ ಬಂದ ದಿನದಿಂದ ಎಣಿಸುತ್ತಾರೆ. ಈ ಮಹಿಳೆ ಬಂದದ್ದು ನಾಲ್ಕನೇ ದಿನ; ಸೇರಿದ ದಿನದಿಂದ ಎಣಿಸಿದ್ದರೆ ಒಂಬತ್ತನೇ ದಿನದ ಅಂಕಿ ಆರನೇ ದಿನದ್ದಾಗುತ್ತಿತ್ತು. ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಾಗ ಮೊದಲು ನೋಡಬೇಕಾದದ್ದು ಇದನ್ನು.

ಎದ್ದುನಿಂತ ಕೋಶಗಳೆಲ್ಲ ಈ ವೈರಸ್ಸಿನ ವಿರುದ್ಧವೇ ಎದ್ದವೇ ಎಂಬುದೂ ತೀರ್ಮಾನವಾಗಿಲ್ಲ. ಸಿಡಿ38, ಎಚ್‌ಎಲ್‌ಎ-ಡಿಆರ್ ಗುರುತು ಎಚ್ಚರವನ್ನು ಹೇಳುತ್ತದೆ, ಗುರಿಯನ್ನು ಹೇಳುವುದಿಲ್ಲ. ಗದ್ದಲಕ್ಕೆ ಎದ್ದ ಪಕ್ಕದ ಮನೆಯವರೂ ಆ ಮೂಲೆಯಲ್ಲಿ ಸೇರಿರಬಹುದು. ಗುರಿ ತಿಳಿಯಬೇಕಾದರೆ ವೈರಸ್ಸಿನ ತುಣುಕುಗಳನ್ನು ತೋರಿಸಿ ಯಾವ ಕೋಶ ಉತ್ತರಿಸುತ್ತದೆ ನೋಡಬೇಕು. ಹೊಸ ವೈರಸ್ಸಿಗೆ ಆ ಸಾಮಗ್ರಿ ತಯಾರಾಗಲು ಕೆಲವು ತಿಂಗಳು ಬೇಕಾಯಿತು.

ಎರಡು ದೊಡ್ಡ ಖಾಲಿ ಜಾಗಗಳಿವೆ. ಮೊದಲ ಆರು ದಿನದ ರಕ್ತವಿಲ್ಲ. ವೈರಸ್ ಅತಿ ಹೆಚ್ಚಿದ್ದ, ಇಂಟರ್‌ಫೆರಾನ್ ಎಂಬ ಮೊದಲ ಎಚ್ಚರಿಕೆ ಗಂಟೆ ಬಾರಿಸುವ ದಿನಗಳು ಅವೇ. ಹತ್ತರಿಂದ ಹತ್ತೊಂಬತ್ತನೇ ದಿನದವರೆಗೂ ಇಲ್ಲ. ಒಂಬತ್ತನೇ ದಿನ ಶೇ. 11.8 ಇದ್ದ ಸಿಡಿ8 ಕೋಶಗಳು ಇಪ್ಪತ್ತನೇ ದಿನ ಶೇ. 7.05ಕ್ಕೆ ಬಂದಿವೆ. ಆದರೆ ನಡುವೆ ಎಲ್ಲಿ ಶಿಖರ ಮುಟ್ಟಿದವು, ಯಾವಾಗ ಇಳಿಯತೊಡಗಿದವು ಎಂಬುದು ಈ ರಕ್ತದಿಂದ ತಿಳಿಯುವುದಿಲ್ಲ.

ಇದೇ ಕೆಲಸ ಕೈಕೊಟ್ಟಾಗ

ಖಾಲಿ ಬಿಟ್ಟ ಮೊದಲ ದಿನಗಳ ಕಥೆಯನ್ನು ಬೇರೆ ಅಧ್ಯಯನಗಳು ತುಂಬಿದವು. 2020ರಲ್ಲೇ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ಪ್ರಾಣಕ್ಕೆ ಎರವಾಗುವ ನ್ಯುಮೋನಿಯಾ ಆದ 987 ಕೋವಿಡ್ ರೋಗಿಗಳ ಪೈಕಿ 101 ಮಂದಿಯಲ್ಲಿ ತಮ್ಮದೇ ಇಂಟರ್‌ಫೆರಾನ್ ವಿರುದ್ಧದ ಪ್ರತಿಕಾಯಗಳು ಸಿಕ್ಕವು. ಆ 101ರಲ್ಲಿ 95 ಗಂಡಸರು. ಲಕ್ಷಣವಿಲ್ಲದ ಅಥವಾ ಸೌಮ್ಯ ಸೋಂಕಿನ 663 ಮಂದಿಯಲ್ಲಿ ಒಬ್ಬರಲ್ಲೂ ಇರಲಿಲ್ಲ. ಗಂಟೆಯನ್ನೇ ಯಾರೋ ಕದ್ದೊಯ್ದಂತೆ: ವೈರಸ್ ಬೆಳೆಯುತ್ತದೆ, ಟಿ ಕೋಶಗಳಿಗೆ ಕರೆ ತಡವಾಗಿ ಹೋಗುತ್ತದೆ, ಗುರಿ ಗೊತ್ತಿಲ್ಲದ ಉರಿಯೂತ ಅಷ್ಟರಲ್ಲಿ ಶ್ವಾಸಕೋಶ ತುಂಬುತ್ತದೆ.

ಈ ಬೇರೆ ಬೇರೆ ಗುಂಪುಗಳು ಒಟ್ಟಿಗೆ ಏಳುವ ಹೊಂದಾಣಿಕೆಯನ್ನು ಅಮೆರಿಕದ ಲಾ ಹೋಯಾ ರೋಗನಿರೋಧಕ ವಿಜ್ಞಾನ ಸಂಸ್ಥೆಯವರು ಅದೇ ವರ್ಷ ಹೆಚ್ಚು ರೋಗಿಗಳಲ್ಲಿ ನೋಡಿದರು. ಸಿಡಿ4, ಸಿಡಿ8, ಪ್ರತಿಕಾಯ ಮೂರೂ ಒಟ್ಟಿಗೆ ಎದ್ದವರಲ್ಲಿ ಕಾಯಿಲೆ ಸೌಮ್ಯ. ಪ್ರತಿಕಾಯ ಚೆನ್ನಾಗಿದ್ದೂ ಟಿ ಕೋಶ ಹಿಂದುಳಿದವರು ಹಾಗೆ ಪಾರಾಗಲಿಲ್ಲ, ಮತ್ತು 65 ದಾಟಿದವರಲ್ಲಿ ಈ ತಾಳ ತಪ್ಪುವುದು ಹೆಚ್ಚು. ಮೆಲ್ಬರ್ನ್‌ನ ಒಬ್ಬ ರೋಗಿಯಲ್ಲಿ ಕಂಡದ್ದು ಆಕಸ್ಮಿಕವಲ್ಲ ಎಂಬುದಕ್ಕೆ ಇದು ಬಲವಾದ ಆಧಾರ.

ಈಗ ಆ 83.2ರ ಸಿಆರ್‌ಪಿಗೆ ಮರಳೋಣ. ಕೋವಿಡ್ ಔಷಧಗಳನ್ನು ರೋಗಿಗಳಲ್ಲಿ ಪರೀಕ್ಷಿಸಿದ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಉರಿಯೂತ ತಗ್ಗಿಸುವ ಟೊಸಿಲಿಜುಮಾಬ್ ಕೊಡಲು ಇಟ್ಟುಕೊಂಡ ಅಳತೆ ಎರಡು: ಸಿಆರ್‌ಪಿ 75 ಅಥವಾ ಹೆಚ್ಚು, ಜೊತೆಗೆ ಸ್ಯಾಚುರೇಶನ್ 92ಕ್ಕಿಂತ ಕಡಿಮೆ ಇಲ್ಲವೇ ಆಮ್ಲಜನಕದ ಅಗತ್ಯ. ಈ ಮಹಿಳೆ ಮೊದಲ ಗೆರೆ ದಾಟಿದ್ದರು, ಎರಡನೆಯದರ ಹತ್ತಿರವೂ ಇರಲಿಲ್ಲ. ಸಿಆರ್‌ಪಿ ಯಕೃತ್ತಿನಲ್ಲಿ ತಯಾರಾಗುವ ಪ್ರೋಟೀನು. ಉರಿಯೂತ ಇದೆ ಎನ್ನುತ್ತದೆ, ಅದು ಗೆಲ್ಲುತ್ತಿದೆಯೋ ಸೋಲುತ್ತಿದೆಯೋ ಹೇಳುವುದಿಲ್ಲ. ಅದೇ ಪ್ರಯೋಗದ ಡೆಕ್ಸಮೆಥಸೋನ್ ಎಂಬ ಸ್ಟೆರಾಯ್ಡ್‌ನ ಭಾಗದಲ್ಲಿ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ ಕೊಟ್ಟರು. ವೆಂಟಿಲೇಟರ್ ಮೇಲಿದ್ದವರಲ್ಲಿ 28 ದಿನದೊಳಗಿನ ಸಾವು ಶೇ. 41.4ರಿಂದ ಶೇ. 29.3ಕ್ಕೆ ಇಳಿಯಿತು, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಶೇ. 26.2ರಿಂದ ಶೇ. 23.3ಕ್ಕೆ. ಆಮ್ಲಜನಕ ಬೇಡದವರಲ್ಲಿ ಸ್ಟೆರಾಯ್ಡ್ ಪಡೆದವರ ಸಾವು ಶೇ. 17.8, ಪಡೆಯದವರದ್ದು ಶೇ. 14.0. ಈ ಕೊನೆಯ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವಲ್ಲ, ಆದರೆ ಲಾಭವಂತೂ ಕಾಣಲಿಲ್ಲ. ಮೆಲ್ಬರ್ನ್ ರಕ್ತದ ಅಂಕಿಗಳ ಜೊತೆ ಇಟ್ಟು ನೋಡಿದರೆ ಕಾರಣ ಊಹಿಸಬಹುದು: ಐದು, ಆರನೇ ದಿನ ಟಿ ಕೋಶಗಳು ದುಗ್ಧಗ್ರಂಥಿಯಲ್ಲಿ ಇಮ್ಮಡಿಯಾಗುತ್ತಿರುವ ಹೊತ್ತು. ಲಿಂಫೊಸೈಟ್‌ಗಳನ್ನು ಹತ್ತಿಕ್ಕುವ ಔಷಧವನ್ನು ಆಗ ಕೊಡುವುದು ಬಿತ್ತನೆ ಮೊಳೆಯುವಾಗಲೇ ಹೊಲ ತುಳಿದಂತೆ.

2021ರ ಎರಡನೇ ಅಲೆಯಲ್ಲಿ ಕರ್ನಾಟಕದಲ್ಲೂ ಎಷ್ಟೋ ಮನೆಗಳಲ್ಲಿ ಹೀಗೇ ಆಯಿತು. ಜ್ವರ ಬಂದ ಎರಡನೇ ಮೂರನೇ ದಿನಕ್ಕೆ, ಸ್ಯಾಚುರೇಶನ್ 97 ಇರುವಾಗಲೇ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಚೀಟಿ ನೋಡಿ ಸ್ಟೆರಾಯ್ಡ್ ನುಂಗಿದರು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಕ್ಕರೆ ಏರಿತು. ಅದರ ಬೆನ್ನಿಗೆ ಕಪ್ಪು ಶಿಲೀಂಧ್ರ ಬಂತು, ಕಣ್ಣು ಕಳೆದುಕೊಂಡವರಿದ್ದಾರೆ, ದವಡೆ ಕಳೆದುಕೊಂಡವರಿದ್ದಾರೆ. ಅದೇ ಮಾತ್ರೆ ಒಂಬತ್ತನೇ ದಿನ ಸ್ಯಾಚುರೇಶನ್ 90ಕ್ಕೆ ಇಳಿದು ಆಮ್ಲಜನಕ ಹಾಕಿಸಿಕೊಂಡವರ ಜೀವ ಉಳಿಸಿದೆ. ಔಷಧ ಒಂದೇ, ದಿನ ಬೇರೆ.

ಮನೆಯಲ್ಲಿ ಯಾರಿಗಾದರೂ ಇಂಥ ಉಸಿರಾಟದ ಸೋಂಕಾದರೆ ಲಕ್ಷಣ ಶುರುವಾದ ದಿನಾಂಕವನ್ನು ಒಂದು ಹಾಳೆಯ ಮೇಲೆ ಮೊದಲು ಬರೆದಿಡಿ. ವೈದ್ಯರು ಕೇಳುವ ಎಷ್ಟೋ ಪ್ರಶ್ನೆಗಳಿಗೆ ಅದು ಉತ್ತರ. ಐದರಿಂದ ಹತ್ತನೇ ದಿನದವರೆಗೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಸ್ಯಾಚುರೇಶನ್ ನೋಡಿ. ಕೂತಾಗೊಮ್ಮೆ, ಆರು ನಿಮಿಷ ಕೋಣೆಯಲ್ಲೇ ನಡೆದು ಇನ್ನೊಮ್ಮೆ. 94ಕ್ಕಿಂತ ಕೆಳಗಿಳಿದರೆ ಅಥವಾ ನಡೆದ ಮೇಲೆ ಮೂರು ನಾಲ್ಕು ಅಂಕ ಕುಸಿದರೆ ಆಸ್ಪತ್ರೆಗೆ ಹೋಗಿ, ಕಾಯಬೇಡಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಯಂತ್ರ ತಪ್ಪು ತೋರಿಸುತ್ತದೆ, ಬೆರಳು ಉಜ್ಜಿ ಬಿಸಿ ಮಾಡಿ ಮತ್ತೆ ಹಿಡಿಯಿರಿ. ಸಿಆರ್‌ಪಿ ಮಾಡಿಸಿದರೆ ಒಂದೇ ಅಂಕಿಗೆ ಹೆದರಬೇಡಿ, ಎರಡು ದಿನ ಬಿಟ್ಟು ಮತ್ತೊಮ್ಮೆ ಮಾಡಿಸಿದಾಗ ಅದು ಯಾವ ಕಡೆ ಹೊರಟಿದೆ ನೋಡಿ. ಜೊತೆಗೆ ಲಿಂಫೊಸೈಟ್ ಎಣಿಕೆಯನ್ನೂ.

ಸಂಶೋಧನೆಗೆ ರಕ್ತ ತೆಗೆಯುವವರಿಗೆ ಈ ಪ್ರಕರಣ ಬಿಟ್ಟುಹೋದ ಕೆಲಸ ಬೇರೆ. ಮೊದಲ ಟ್ಯೂಬು ರೋಗಿ ಬಾಗಿಲಿಗೆ ಬಂದ ದಿನವೇ ತುಂಬಬೇಕು, ಆಮೇಲೆ ಹತ್ತನೇ ದಿನದವರೆಗೆ ದಿನಕ್ಕೊಂದು, ಮುಂದೆ ಹನ್ನೆರಡು, ಹದಿನೈದು, ಇಪ್ಪತ್ತನೇ ದಿನ. ಒಂದು ಪರೀಕ್ಷೆಗೆ 200 ಮೈಕ್ರೊಲೀಟರ್ ಎಂದರೆ ಐದು ಪರೀಕ್ಷೆಗೂ ಸೇರಿ ಒಂದು ಮಿಲಿಲೀಟರ್. ಟ್ಯೂಬಿನ ಮೇಲೆ ದಿನಾಂಕದ ಜೊತೆ ಗಂಟೆಯನ್ನೂ, ಲಕ್ಷಣದ ಎಷ್ಟನೇ ದಿನ ಎಂಬುದನ್ನೂ ಬರೆಯಬೇಕು. ಇಪ್ಪತ್ತನೇ ದಿನ, ಲಕ್ಷಣಗಳೆಲ್ಲ ಹೋಗಿ ವಾರ ಕಳೆದ ಮೇಲೂ, ಈ ಮಹಿಳೆಯ ರಕ್ತದಲ್ಲಿ ಪ್ರತಿಕಾಯ ಸ್ರವಿಸುವ ಕೋಶಗಳು ಶೇ. 4.54 ಇದ್ದವು, ಫಾಲಿಕ್ಯುಲರ್ ಸಹಾಯಕ ಟಿ ಕೋಶಗಳು ಶೇ. 7.14ಕ್ಕೆ ಏರಿದ್ದವು. ಆಸ್ಪತ್ರೆಯ ಲೆಕ್ಕದಲ್ಲಿ ಅವರು ಗುಣವಾಗಿ ಮನೆಯಲ್ಲಿದ್ದರು; ದುಗ್ಧಗ್ರಂಥಿಗಳಲ್ಲಿ ಕೆಲಸ ಇನ್ನೂ ನಡೆದೇ ಇತ್ತು.